ಸ್ಪಷ್ಟನೆ: ಕಪ್ಪು ಕಿಟಕಿ ಬಂದರೆ ಸ್ಟಾಕ್‌ಫಿಶ್ ಕೆಟ್ಟಿಲ್ಲ

'ಸ್ಟಾಕ್‌ಫಿಶ್ ಡೌನ್‌ಲೋಡ್ ಮಾಡಿದರೆ ಬರೀ ಕಪ್ಪು ಕಿಟಕಿ ಬರುತ್ತೆ, ದುಡ್ಡು ಕೊಟ್ಟು ಫ್ರಿಟ್ಜ್ ಅನ್ನೋ ಚೆಸ್ ಸಾಫ್ಟ್‌ವೇರ್ ಕೊಂಡರೆ ಮಾತ್ರ ಓಡುತ್ತೆ' ಎಂಬ ಮಾತು ಚೆಸ್ ಕಲಿಯುವವರ ನಡುವೆ ಹರಿದಾಡುತ್ತಿದೆ. ಇದು ತಪ್ಪು.

ಸ್ಟಾಕ್‌ಫಿಶ್ ಬರೀ ಎಂಜಿನ್, ಅಂದರೆ ಚೆಸ್ ನಡೆಗಳನ್ನು ಲೆಕ್ಕ ಹಾಕುವ ಪ್ರೋಗ್ರಾಂ. ಅದಕ್ಕೆ ಬೋರ್ಡು, ಕಾಯಿ ಏನೂ ಇಲ್ಲ. ಆ ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್‌ನಲ್ಲಿ 'ಯುಸಿಐ' (uci, ಸಣ್ಣ ಅಕ್ಷರಗಳಲ್ಲಿ) ಎಂದು ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ಕೊನೆಗೆ 'ಯುಸಿಐಓಕೆ' (uciok) ಎಂದು ಬಂದರೆ ಎಂಜಿನ್ ಸರಿಯಾಗಿದೆ ಎಂದೇ ಅರ್ಥ. ಯುಸಿಐ ಅನ್ನುವುದು ಎಂಜಿನ್ ಮತ್ತು ಬೋರ್ಡು ತೋರಿಸುವ ಸಾಫ್ಟ್‌ವೇರ್ ಮಾತಾಡಿಕೊಳ್ಳುವ ಭಾಷೆ. 2000ದಲ್ಲಿ ಬಂತು. ಈ ಭಾಷೆ ಬಲ್ಲ ಯಾವ ಸಾಫ್ಟ್‌ವೇರ್‌ಗಾದರೂ ಸ್ಟಾಕ್‌ಫಿಶ್ ಸೇರಿಸಬಹುದು. ಅರೀನಾ, ಕ್ಯೂಟ್‌ಚೆಸ್ ಎರಡೂ ಉಚಿತ. ಫ್ರಿಟ್ಜ್‌ನಲ್ಲೂ ನಡೆಯುತ್ತದೆ, ಆದರೆ ಅದೇ ಬೇಕೆಂದಿಲ್ಲ.

ಅರೀನಾದಲ್ಲಿ ಎಂಜಿನ್ ಮೆನುಗೆ ಹೋಗಿ, ಹೊಸ ಎಂಜಿನ್ ಸೇರಿಸುವ ಆಯ್ಕೆ ಒತ್ತಿ, ಫೈಲ್ ತೋರಿಸಿದರೆ ಸಾಕು. ಫೈಲನ್ನು ಮೊದಲು ಜಿಪ್‌ನಿಂದ ಹೊರಗೆ ತೆಗೆದಿರಬೇಕು. ಜಾಸ್ತಿ ಜನ ಎಡವುವುದು ಇಲ್ಲೇ.

ಕಿಟಕಿ ತಕ್ಷಣ ಮುಚ್ಚಿಕೊಂಡರೆ ಪ್ರೊಸೆಸರ್ ಹಳೆಯದಿರಬಹುದು. ಹೊಸ ಪ್ರೊಸೆಸರ್‌ಗಳಿಗಾಗಿ ಇರುವ ಎವಿಎಕ್ಸ್2 (avx2) ಫೈಲ್ ಬಿಟ್ಟು ಹಳೆಯ ಪ್ರೊಸೆಸರ್‌ಗಳ ಫೈಲ್ ತೆಗೆದುಕೊಳ್ಳಿ.

'ಫ್ರಿಟ್ಜ್‌ನಲ್ಲಿ ಹಾಕಿದರೆ ಇನ್ನೂ ಚೆನ್ನಾಗಿ ಆಡುತ್ತೆ' ಅನ್ನುವುದೂ ಸರಿಯಲ್ಲ. ಎಂಜಿನ್ ಅದೇ ಅಲ್ವಾ? ವ್ಯತ್ಯಾಸ ಕಂಡರೆ ಥ್ರೆಡ್ಸ್ (ಪ್ರೊಸೆಸರ್ ಎಷ್ಟು ಬಳಸಬೇಕು) ಮತ್ತು ಹ್ಯಾಶ್ (ಮೆಮೊರಿ ಎಷ್ಟು ಬಳಸಬೇಕು) ಸೆಟ್ಟಿಂಗ್ ನೋಡಿ. ಇವನ್ನು ಪ್ರತಿ ಸಾಫ್ಟ್‌ವೇರ್‌ನಲ್ಲೂ ಬೇರೆಯಾಗಿಯೇ ಹೊಂದಿಸಬೇಕು.