ತುದಿಯ ಆಸೆ ಬಿಟ್ಟರೆ ನಾಯಿಗೂ ಬೆಟ್ಟ ಚೆನ್ನ

ದೀಪಾವಳಿ ಹತ್ತಿರವಾಗುತ್ತಿದ್ದಂತೆ ಮೈಸೂರಿನಲ್ಲಿ ನಾಯಿ ಸಾಕಿಕೊಂಡವರ ಮಾತು ಒಂದೇ ಕಡೆಗೆ ತಿರುಗುತ್ತದೆ: ಆ ಮೂರು ದಿನ ಪಟಾಕಿಯ ಸದ್ದಿಲ್ಲದ ಜಾಗಕ್ಕೆ ಎಲ್ಲಿಗೆ ಹೋಗುವುದು? ದಸರೆಗೆ ಬರುವ ಆನೆಗಳಿಗೆ ಜಂಬೂಸವಾರಿಗೆ ಮುಂಚೆಯೇ ಕುಶಾಲತೋಪಿನ ಸದ್ದಿನ ತಾಲೀಮು ಕೊಡುತ್ತಾರೆ. ನಮ್ಮ ನಾಯಿ ಮುದ್ದೆಗೆ ಅಂಥ ತಾಲೀಮು ಕೊಟ್ಟವರಿಲ್ಲ. ಕುವೆಂಪುನಗರದ ಚರಂಡಿಯ ಪಕ್ಕದಲ್ಲಿ ಸಿಕ್ಕಾಗ ಮರಿ ರಾಗಿ ಮುದ್ದೆಯಷ್ಟೇ ದುಂಡಗಿತ್ತು, ಬಣ್ಣವೂ ಅದೇ ಇತ್ತು, ಆದ್ದರಿಂದ ಮಗಳು ಆ ಹೆಸರಿಟ್ಟಳು. ತವರು ಮಂಡ್ಯವಾದ ನನಗೆ ಆಕ್ಷೇಪಿಸಲು ಕಾರಣವಿರಲಿಲ್ಲ. ಮೊದಲ ಲಕ್ಷ್ಮೀ ಪಟಾಕಿ ಸಿಡಿದರೆ ಮಂಚದ ಕೆಳಗೆ ಸೇರಿದ ಮುದ್ದೆ ಮರುದಿನ ಬೆಳಿಗ್ಗೆಯವರೆಗೆ ನೀರನ್ನೂ ಮುಟ್ಟುವುದಿಲ್ಲ. ಹೀಗಾಗಿ ಕೆಲವು ವರ್ಷಗಳಿಂದ ನಮ್ಮ ಮನೆಯ ದೀಪಾವಳಿ ಕೊಡಗಿನ ಕಾಫಿ ತೋಟದ ಹೋಮ್‌ಸ್ಟೇಯೊಂದರಲ್ಲಿ ನಡೆಯುತ್ತದೆ. ನಾಯಿಯೊಡನೆ ಬೆಟ್ಟಕ್ಕೆ ಹೋಗುವ ಬಗ್ಗೆ ಸ್ನೇಹಿತರು ಪದೇ ಪದೇ ವಿಚಾರಿಸುವುದರಿಂದ, ನನಗೆ ಅನ್ನಿಸಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

‘ಪೆಟ್ ಫ್ರೆಂಡ್ಲಿ’ ಎಂಬ ಮಾತನ್ನು ನಾನು ಈಗ ನಂಬುವುದಿಲ್ಲ. ಮೊದಲ ವರ್ಷ ಬೇರೊಂದು ಬೆಟ್ಟದೂರಿನಲ್ಲಿ ಅದೇ ಮಾತನ್ನು ನಂಬಿ ಮುಂಗಡ ಕಟ್ಟಿ ಹೋಗಿದ್ದೆವು. ತಲುಪಿದ ಮೇಲೆ, ನಾಯಿ ಕೋಣೆಯೊಳಗೆ ಬರುವಂತಿಲ್ಲ, ಜನರೇಟರ್ ಶೆಡ್ಡಿನ ಹಿಂದೆ ಅದಕ್ಕೆಂದೇ ಗೂಡು ಕಟ್ಟಿಸಿದ್ದೇವೆ ಎಂದು ಹೆಮ್ಮೆಯಿಂದ ತೋರಿಸಿದರು. ಹುಟ್ಟಿದಾಗಿನಿಂದ ಮನುಷ್ಯರ ಕಾಲ ಬುಡದಲ್ಲಿ ಮಲಗಿದ ಪ್ರಾಣಿಯನ್ನು ಪಟಾಕಿಗೆ ಹೆದರಿ ಕರೆತಂದು ಜನರೇಟರಿನ ಪಕ್ಕದಲ್ಲಿ ಕಟ್ಟುವುದಾದರೆ ನಾವು ಮನೆಯಲ್ಲಿಯೇ ಇರಬಹುದಿತ್ತು. ಆ ರಾತ್ರಿ ನಾನು ಮತ್ತು ನಮ್ಮ ಯಜಮಾನರು ಸರದಿಯ ಮೇಲೆ ಕಾರಿನಲ್ಲಿ ಮುದ್ದೆಯೊಡನೆ ಮಲಗಿದೆವು. ಅವರು ಸುಳ್ಳು ಹೇಳಿದ್ದರೆಂದು ನಾನು ಹೇಳುವುದಿಲ್ಲ; ಅವರ ಪ್ರಕಾರ ನಾಯಿಗೆ ಜಾಗ ಇತ್ತು. ನಾವು ಕೇಳಬೇಕಾಗಿದ್ದ ಪ್ರಶ್ನೆ ಜಾಗದ್ದಾಗಿರಲಿಲ್ಲ.

ಈಗ ಹೋಗುವ ಮನೆ ಕಕ್ಕಬ್ಬೆಯ ಕಡೆಗಿದೆ. ಅಲ್ಲಿಗೆ ಮೊದಲ ಸಲ ಫೋನ್ ಮಾಡಿದಾಗ, ನಾನು ಬಾಡಿಗೆ ವಿಚಾರಿಸುವ ಮೊದಲೇ ಮನೆಯ ಹಿರಿಯರು ನನ್ನನ್ನೇ ಪ್ರಶ್ನಿಸತೊಡಗಿದರು. “ನಾಯಿಗೆ ರೇಬೀಸ್ ಇಂಜೆಕ್ಷನ್ ಆಗಿದೆಯಾ ಮೇಡಂ, ಯಾವಾಗ ಆಯಿತು? ಕೋಳಿ ಕಂಡರೆ ಓಡಿಸುತ್ತದಾ? ನಮ್ಮಲ್ಲಿ ಎರಡು ನಾಯಿ ಇವೆ, ಹೊಂದಿಕೊಳ್ಳುತ್ತದಾ? ರಾತ್ರಿ ಒಳಗೆ ಮಲಗಿ ಅಭ್ಯಾಸ ಇದೆಯಾ? ಇಲ್ಲಿ ಚಿರತೆ ಬರುತ್ತದೆ, ಸಂಜೆ ಆರರ ಮೇಲೆ ನಾಯಿಯನ್ನು ಹೊರಗೆ ಬಿಡುವ ಹಾಗಿಲ್ಲ.” ಆ ಕ್ಷಣದಲ್ಲಿ ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು, ಹೆಣ್ಣು ನೋಡಲು ಬಂದವರಂತೆ ಕೇಳುತ್ತಿದ್ದಾರಲ್ಲ ಎಂದು. ಫೋನ್ ಇಟ್ಟ ಮೇಲೆ ಯೋಚಿಸಿದಾಗ, ನಾಯಿಯೊಡನೆ ಬದುಕಿ ಗೊತ್ತಿರುವವರು ಮಾತ್ರ ಕೇಳಬಲ್ಲ ಪ್ರಶ್ನೆಗಳು ಅವು ಎಂದು ಅರ್ಥವಾಯಿತು. ಅಂದಿನಿಂದ ಯಾರಾದರೂ ಒಳ್ಳೆಯ ಜಾಗ ಹೇಳಿ ಎಂದರೆ ನಾನು ಹೆಸರು ಹೇಳುವುದಿಲ್ಲ, ಫೋನ್ ಮಾಡಿ ಅವರೇನು ಕೇಳುತ್ತಾರೆ ನೋಡಿ ಎನ್ನುತ್ತೇನೆ. ಏನನ್ನೂ ಕೇಳದೆ ‘ಬನ್ನಿ ಬನ್ನಿ’ ಎನ್ನುವ ಕಡೆ ಗೂಡು ಸಿದ್ಧವಾಗಿರುವ ಸಾಧ್ಯತೆಯೇ ಹೆಚ್ಚು.

ಇನ್ನು ಚಾರಣದ ವಿಷಯ. ಇಲ್ಲಿ ನನ್ನ ಅಭಿಪ್ರಾಯ ಹಲವರಿಗೆ ಹಿಡಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬೆಟ್ಟದ ತುದಿಯಲ್ಲಿ ಮೋಡದ ಮುಂದೆ ನಾಯಿಯನ್ನು ಕೂರಿಸಿಕೊಂಡು ತೆಗೆದ ಚಿತ್ರಗಳನ್ನು ನೋಡಿದಾಗಲೆಲ್ಲ ನನಗೆ ಸಂತೋಷಕ್ಕಿಂತ ಕಸಿವಿಸಿಯೇ ಹೆಚ್ಚಾಗುತ್ತದೆ. ಕೊಡಗಿನಲ್ಲಿ ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಎಂದು ಮೂರು ವನ್ಯಜೀವಿಧಾಮಗಳಿವೆ, ಪಕ್ಕದಲ್ಲಿ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶವಿದೆ. ಇಂಥ ಕಡೆಗಳಿಗೆ ಸಾಕುನಾಯಿಯನ್ನು ಕರೆದೊಯ್ಯಬಾರದೆನ್ನುವುದು ಬರೀ ಕಟ್ಟುಪಾಡಲ್ಲ. ನಾಯಿಗಳಿಗೆ ಬರುವ ಡಿಸ್ಟೆಂಪರ್ ಎಂಬ ವೈರಾಣು ರೋಗ ಸೀಳುನಾಯಿ, ನರಿ, ತೋಳಗಳಿಗೆ ಮಾತ್ರವಲ್ಲ, ಹುಲಿ ಸಿಂಹಗಳಿಗೂ ತಗಲುತ್ತದೆ. 2018ರಲ್ಲಿ ಗುಜರಾತಿನ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಹಲವಕ್ಕೆ ಇದೇ ವೈರಾಣು ತಗಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ, ಅಭಯಾರಣ್ಯದ ಒಳಗೂ ಅದರ ಸುತ್ತ ಐದು ಕಿಲೋಮೀಟರಿನೊಳಗೂ ಇರುವ ಜಾನುವಾರುಗಳಿಗೆ ಸಾಂಕ್ರಾಮಿಕ ರೋಗಗಳ ಲಸಿಕೆ ಹಾಕಿಸಬೇಕೆಂಬ ಕಲಮು ಇರುವುದೂ ಇಂಥ ಭಯದಿಂದಲೇ. ‘ನಮ್ಮ ನಾಯಿಗೆ ಲಸಿಕೆ ಆಗಿದೆ’ ಎಂದು ವಾದಿಸುವವರು ಆನೆಯ ವಿಷಯವನ್ನಾದರೂ ನೆನೆಯಬೇಕು. ಆನೆ ಕಂಡ ನಾಯಿ ಬೊಗಳುತ್ತಾ ಮುನ್ನುಗ್ಗುತ್ತದೆ, ಆನೆ ತಿರುಗಿ ಬಿದ್ದೊಡನೆ ಓಡುತ್ತದೆ. ಎಲ್ಲಿಗೆ ಓಡುತ್ತದೆ? ನೇರವಾಗಿ ತನ್ನ ಯಜಮಾನನ ಬಳಿಗೇ, ಹಿಂದೆ ಆನೆಯನ್ನು ಕರೆದುಕೊಂಡು.

ಕಕ್ಕಬ್ಬೆಯಲ್ಲಿ ಎಲ್ಲರ ಕಣ್ಣು ತಡಿಯಂಡಮೋಳ್ ಮೇಲೆಯೇ. 1748 ಮೀಟರ್ ಎತ್ತರದ, ಕೊಡಗಿನ ಅತಿ ಎತ್ತರದ ಬೆಟ್ಟ ಅದು. ಬುಡದ ಹತ್ತಿರ ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ನಾವು ಈ ಬೆಟ್ಟವನ್ನು ಪಾಲು ಮಾಡಿಕೊಂಡಿದ್ದೇವೆ: ಮಗಳು ಮತ್ತು ಅವಳ ಅಪ್ಪ ಬೆಳಿಗ್ಗೆ ತುದಿಗೆ ಹೊರಡುತ್ತಾರೆ, ನಾನು ಮುದ್ದೆಯೊಡನೆ ತೋಟದಲ್ಲಿ ಉಳಿಯುತ್ತೇನೆ, ಮರುವರ್ಷ ಸರದಿ ಬದಲಾಗುತ್ತದೆ. ಹೀಗೆ ಉಳಿಯುವುದು ತ್ಯಾಗವೇನಲ್ಲ. ನಾಯಿಗೆ ನೋಟ ಬೇಕಿಲ್ಲ, ವಾಸನೆ ಬೇಕು. ತೋಟದ ದಾರಿಯಲ್ಲಿ ಅರ್ಧ ಫರ್ಲಾಂಗು ನಡೆಯಲು ಮುದ್ದೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ, ಪ್ರತಿ ಸಿಲ್ವರ್ ಓಕ್ ಮರದ ಬುಡದಲ್ಲೂ ರಾತ್ರಿ ಹಾದುಹೋದವರ ಸುದ್ದಿಯನ್ನು ಓದುತ್ತದೆ. ಗದ್ದೆಯ ಬದುವಿನ ಮೇಲೆ ಹೋಗಿ, ತೋಡಿನ ನೀರಿನಲ್ಲಿ ಕಾಲದ್ದಿ, ಮನೆಗೆ ಬಂದು ಮಲಗಿದರೆ ತುದಿ ಹತ್ತಿದವರಿಗಿಂತ ಗಾಢವಾದ ನಿದ್ರೆ ಅದರದ್ದು.

ತೋಟದ ದಾರಿಯಲ್ಲೂ ಹಗ್ಗ ಬಿಚ್ಚಬಾರದು. ಕಾಡುಹಂದಿಗೆಂದು ಯಾರೋ ಬೇಲಿಯಲ್ಲಿ ಒಡ್ಡಿದ ಉರುಲು ನಾಯಿಯ ಕುತ್ತಿಗೆಗೂ ಬೀಳುತ್ತದೆ. ಮಳೆ ಪೂರ್ತಿ ನಿಲ್ಲದ ವರ್ಷಗಳಲ್ಲಿ ಇಂಬಳಗಳು ಕಾಲ್ಬೆರಳ ಸಂದಿಗೆ, ತುಟಿಗೆ ಹತ್ತಿಕೊಳ್ಳುತ್ತವೆ. ಜೇಬಿನಲ್ಲಿ ಒಂದು ಪೊಟ್ಟಣ ಉಪ್ಪು ಇದ್ದರೆ ಸಾಕು. ಇಂಬಳಕ್ಕಿಂತ ನನಗೆ ಉಣ್ಣೆ ಹುಳುವಿನ ಭಯವೇ ಹೆಚ್ಚು, ಏಕೆಂದರೆ ಇಂಬಳ ರಕ್ತ ಕುಡಿದು ಉದುರಿ ಹೋಗುತ್ತದೆ, ಉಣ್ಣೆ ಜ್ವರ ಬಿಟ್ಟು ಹೋಗುತ್ತದೆ. ಹೊರಡುವ ಮುಂಚೆ ಪಶುವೈದ್ಯರಿಂದ ಉಣ್ಣೆಯ ಔಷಧಿ ಹಾಕಿಸಿ, ಇಲಿ ಜ್ವರದ ಲಸಿಕೆಯ ಅವಧಿ ಮುಗಿದಿದೆಯೇ ನೋಡಿಸಿ. ಪ್ರತಿ ಸಂಜೆ ಕಿವಿಯ ಒಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಕೈಯಾಡಿಸಿ. ಊರಿಗೆ ಮರಳಿ ಎರಡು ವಾರದೊಳಗೆ ನಾಯಿ ಊಟ ಬಿಟ್ಟರೆ, ವಸಡು ಬಿಳಿಚಿಕೊಂಡರೆ, ಪ್ರವಾಸದ ಆಯಾಸ ಎಂದು ಸುಮ್ಮನಿರಬೇಡಿ.

ನಮ್ಮ ಮಂಡ್ಯದ ಕಡೆಯವರು ಅಷ್ಟು ದೂರ ಏಕೆ, ಕುಂತಿ ಬೆಟ್ಟ, ಕರಿಘಟ್ಟ ಇಲ್ಲವೇ ಎನ್ನುತ್ತಾರೆ. ಇವೆ. ಆದರೆ ಬಿಸಿಲೇರಿದ ಮೇಲೆ ಅಲ್ಲಿನ ಬಂಡೆ ಕಾದ ಹೆಂಚು. ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಬಂಡೆಗೆ ಒತ್ತಿ ಹಿಡಿಯಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಆಗದು. ಮೇಲುಕೋಟೆಯಲ್ಲಿ ಪುಳಿಯೋಗರೆ ತಿಂದು ಬೆಟ್ಟದ ಕಾಡಿನತ್ತ ನಾಯಿ ಬಿಡೋಣ ಎಂದುಕೊಳ್ಳುವವರಿಗೆ, ತೋಳಗಳ ರಕ್ಷಣೆಗೆಂದು 1974ರಲ್ಲಿ ಅಲ್ಲಿ ವನ್ಯಜೀವಿಧಾಮ ಘೋಷಿಸಲಾಗಿದೆ ಎಂಬುದು ಗೊತ್ತಿರುವುದೇ ಕಡಿಮೆ.

ಊಟದ ವಿಷಯಕ್ಕೆ ಬಂದರೆ, ದಾರಿಯದ್ದೇ ಬೇರೆ, ಮನೆಯದ್ದೇ ಬೇರೆ. ಹುಣಸೂರು, ಪಿರಿಯಾಪಟ್ಟಣ ದಾಟಿದರೂ ಮುದ್ದೆಗೆ ಏನೂ ಕೊಡುವುದಿಲ್ಲ, ಕುಶಾಲನಗರದಾಚೆಯ ತಿರುವುಗಳಲ್ಲಿ ಕೊಟ್ಟದ್ದೆಲ್ಲ ಹಿಂದಿನ ಸೀಟಿಗೆ ಬರುತ್ತದೆ ಎಂಬ ಪಾಠ ಒಮ್ಮೆ ಆಗಿದೆ. ದಾರಿಯ ಹೋಟೆಲುಗಳಲ್ಲಿ ನಾಯಿಗೆ ಪ್ರವೇಶ ಕೇಳುವುದು ನಾನು ಬಿಟ್ಟಿದ್ದೇನೆ; ಊಟದ ಮೇಜಿನ ಪಕ್ಕದಲ್ಲಿ ನಾಯಿ ಇರಬಾರದೆನ್ನುವವರ ಮಾತೂ ನ್ಯಾಯವೇ. ಇಬ್ಬರು ಒಳಗೆ ತಿನ್ನುವಾಗ ಒಬ್ಬರು ಹೊರಗೆ ಮರದ ನೆರಳಿನಲ್ಲಿ ಮುದ್ದೆಯೊಡನೆ ನಿಲ್ಲುತ್ತೇವೆ. ಬೈಲುಕುಪ್ಪೆಯಲ್ಲಿ ಮೋಮೋ ಕಟ್ಟಿಸಿಕೊಂಡು ಹೊರಗೇ ತಿನ್ನುವುದು ಮಗಳಿಗೆ ಇಷ್ಟ. ಕಾರಿನ ಗಾಜು ಒಂದಿಂಚು ಇಳಿಸಿ ನಾಯಿಯನ್ನು ಒಳಗೆ ಬಿಟ್ಟು ಹೋಗುವುದನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಹೊರಗೆ 30 ಡಿಗ್ರಿ ಇದ್ದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 40 ಆಗುತ್ತದೆ, ದೋಸೆ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಮನೆಯ ಊಟಕ್ಕೆ ಮಾತ್ರ ನಾನು ವರ್ಷವಿಡೀ ಕಾಯುತ್ತೇನೆ. ಕಾಚಂಪುಳಿಯ ಕಪ್ಪು ಹುಳಿ ಹಾಕಿ ಬೇಯಿಸಿದ ಹಂದಿ ಮಾಂಸದ ಪಂದಿಕರಿ, ಅದರೊಡನೆ ಉಗಿಯಲ್ಲಿ ಬೆಂದ ಕಡಂಬುಟ್ಟು, ಬೆಳಿಗ್ಗೆ ನೂಪುಟ್ಟು ಅಥವಾ ಅಕ್ಕಿ ಒಟ್ಟಿ, ಮಾಂಸ ತಿನ್ನದ ನಮ್ಮ ಯಜಮಾನರಿಗೆ ಒಲೆಯ ಪಕ್ಕದಿಂದ ನೇರವಾಗಿ ಬರುವ ತರಕಾರಿ ಪಲ್ಯ. ಮುದ್ದೆಯ ಹೆಸರಿನ ಕಥೆ ಕೇಳಿದ ಮೇಲೆ ಆ ಮನೆಯ ಅಮ್ಮ ಪ್ರತಿ ರಾತ್ರಿ ಒಂದು ಕಡಂಬುಟ್ಟನ್ನು ಬೇರೆ ತೆಗೆದಿಟ್ಟು, “ನಿಮ್ಮ ಮುದ್ದೆಗೆ ನಮ್ಮ ಮುದ್ದೆ” ಎಂದು ಕೊಡುತ್ತಾರೆ. ಬರೀ ಅಕ್ಕಿ ತರಿಯ ಉಂಡೆ, ಅದರಿಂದ ತೊಂದರೆಯಿಲ್ಲ. ಪಂದಿಕರಿಯ ತುಂಡನ್ನು ಮಾತ್ರ, ಅದೆಷ್ಟು ದೈನ್ಯದಿಂದ ನೋಡಿದರೂ, ಕೊಡುವುದಿಲ್ಲ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ, ಕೊಬ್ಬು ಮೇದೋಜೀರಕ ಗ್ರಂಥಿಯನ್ನು ಕೆಡಿಸುತ್ತದೆ, ಬೆಂದ ಮೂಳೆ ಸೀಳಾಗಿ ಕರುಳಿಗೆ ಚುಚ್ಚುತ್ತದೆ.

ಇಷ್ಟೆಲ್ಲ ಉಪದೇಶ ಬರೆದವಳು ಮಾಡಿದ ತಪ್ಪನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ದೀಪಾವಳಿಯ ಜೊತೆಗೆ ಜನವರಿಯಲ್ಲೂ ಹೋಗಿದ್ದೆವು. ಕಾಫಿ ಕೊಯ್ಲಿನ ಕಾಲ, ಮನೆಯ ಮುಂದಿನ ಕಣದ ತುಂಬ ಹಣ್ಣು ಹರಡಿತ್ತು. ಕಾರಿನಿಂದ ಇಳಿಸುವಾಗ ನಾನು ಹಗ್ಗ ಹಾಕಿರಲಿಲ್ಲ, ಪರಿಚಯದ ಜಾಗವಲ್ಲವೇ ಎಂಬ ಸಲಿಗೆ. ಮುದ್ದೆ ಆ ಮನೆಯ ನಾಯಿಗಳನ್ನು ಕಂಡ ಸಂಭ್ರಮದಲ್ಲಿ ಕಣದ ಉದ್ದಗಲಕ್ಕೂ ಓಡಿ, ಹೊರಳಾಡಿ, ನಡುವೆ ಒಂದು ಕಡೆ ಕಾಲೆತ್ತಿಯೂ ಬಿಟ್ಟಿತು. ಒಂದು ವರ್ಷದ ಫಸಲಿನ ಮೇಲೆ. ಕಾಫಿ ಹಣ್ಣಿನಲ್ಲಿರುವ ಕೆಫೀನ್ ನಾಯಿಗೆ ವಿಷವೆಂದು ಗೊತ್ತಿದ್ದ ನನಗೆ ಅದು ಬಾಯಿ ಹಾಕಿತೇ ಎಂಬ ದಿಗಿಲು, ಅವರಿಗೆ ಕಾಫಿಯ ಚಿಂತೆ. ಹಿರಿಯರು ಒಂದು ಮಾತೂ ಆಡದೆ ಕೆಲಸದವರನ್ನು ಕರೆದು ಆ ಭಾಗವನ್ನು ಬೇರೆ ಮಾಡಿಸಿದರು. ನಾವು ಕೊಡಲು ಹೋದ ಹಣ ತೆಗೆದುಕೊಳ್ಳಲಿಲ್ಲ, ಮಾರನೆಯ ದಿನ ಕುಂಟೆ ಹಿಡಿದು ಕಾಫಿ ಎಳೆದು ಹರಡುವ ಕೆಲಸವನ್ನು ಮಾತ್ರ ನನಗೂ ಮಗಳಿಗೂ ವಹಿಸಿದರು. ಎರಡು ಗಂಟೆಯಲ್ಲಿ ಬೆನ್ನು ಬಿದ್ದುಹೋಯಿತು.

ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ದಿನಗಳಿಗೆ ನಾಯಿಯನ್ನು ಕರೆದುಕೊಂಡು ಬರಬೇಡಿ ಎಂದೂ ಅವರೇ ಹೇಳಿದ್ದು. ಕದಿರು ತೆಗೆಯುವಾಗ ಕೋವಿಯಿಂದ ಗುಂಡು ಹಾರಿಸುತ್ತಾರೆ, ಪಟಾಕಿಯೂ ಉಂಟು. ಮೈಸೂರಿನ ದೀಪಾವಳಿಯಿಂದ ತಪ್ಪಿಸಿಕೊಂಡು ಬಂದ ಪ್ರಾಣಿಗೆ ಅದಕ್ಕಿಂತ ಅನ್ಯಾಯ ಇನ್ನೊಂದಿಲ್ಲ.

ಈ ವರ್ಷದ ಕೋಣೆ ಹೇಳಿಡಲು ಹೋದ ವಾರ ಫೋನ್ ಮಾಡಿದ್ದೆ. ಈ ಸಲ ಲಸಿಕೆಯ ಬಗ್ಗೆ, ಕೋಳಿಯ ಬಗ್ಗೆ ಏನೂ ಕೇಳಲಿಲ್ಲ. “ಹಗ್ಗ ತನ್ನಿ ಮೇಡಂ, ಮರೆತರೆ ಕುಂಟೆ ಇಲ್ಲೇ ಇದೆ” ಎಂದರು.