ಮೊಣಕಾಲಿನ ಗಾಯಕ್ಕೆ ಒಂದೇ ಸಾಲು ಸಾಲದು

ಫ್ರಾನ್ಸಿನ ಮಾಜಿ ಹ್ಯಾಂಡ್‌ಬಾಲ್ ಆಟಗಾರ ನಿಕೋಲಾ ಕರಾಬಾಟಿಚ್ ಅವರ ವೃತ್ತಿಜೀವನದ ಕುರಿತು ನಾನು ಓದಿದ ಲೇಖನವೊಂದು ಬೀಜಿಂಗ್, ಲಂಡನ್, ಟೋಕಿಯೊಗಳ ಒಲಿಂಪಿಕ್ ಚಿನ್ನವನ್ನು ಸರಿಯಾಗಿಯೇ ಎತ್ತಿ ಹೇಳಿದೆ. ಆದರೆ 2020ರ ಅಕ್ಟೋಬರ್‌ನಲ್ಲಿ, 36ನೆಯ ವಯಸ್ಸಿನಲ್ಲಿ, ಮೊಣಕಾಲಿನ ಲಿಗಮೆಂಟ್ (ಎಲುಬುಗಳನ್ನು ಜೋಡಿಸುವ ಪಟ್ಟಿ) ಹರಿದುಕೊಂಡವರು ವರ್ಷ ತುಂಬುವ ಮೊದಲೇ ಟೋಕಿಯೊದಲ್ಲಿ ಆಡಿ ಗೆದ್ದ ಸಂಗತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ದೊಡ್ಡ ಕೊರತೆಯೆನಿಸಿತು. ರಾಯಚೂರು ಜಿಲ್ಲೆಯ ಶಾಲೆಯೊಂದರಲ್ಲಿ ಈ ಆಟ ಕಲಿಸುವ ನಾನು, ಗೋಲಿನ ಮುಂದಿನ 6 ಮೀಟರ್ ಗೆರೆಯ ಹೊರಗಿನಿಂದ ಜಿಗಿದು ಚೆಂಡೆಸೆದ ಮಕ್ಕಳು ಕೆಳಗಿಳಿಯುವಾಗ ಇಡೀ ಮೈಭಾರ ಒಂದೇ ಕಾಲಿನ ಮೇಲೆ ಬೀಳುವುದನ್ನು ದಿನವೂ ನೋಡುತ್ತೇನೆ. ನಮ್ಮದು ಮರದ ನೆಲವಲ್ಲ, ಬೇಸಿಗೆಯಲ್ಲಿ ಬಿರುಕು ಬಿಡುವ ಎರೆಮಣ್ಣು. ಕಳೆದ ವರ್ಷ ಹಾಗೆ ಬಿದ್ದ ನಮ್ಮ ಹುಡುಗಿಯೊಬ್ಬಳು ಇನ್ನೂ ಅಂಗಳಕ್ಕೆ ಮರಳಿಲ್ಲ. ಗಾಯದ ನಂತರದ ತಿಂಗಳುಗಳನ್ನು ಕರಾಬಾಟಿಚ್ ಹೇಗೆ ಕಳೆದರೆಂದು ಲೇಖಕರು ವಿವರವಾಗಿ ಬರೆದರೆ, ನಾನು ಅದನ್ನು ಅವಳಿಗೆ ಓದಿ ಹೇಳುತ್ತೇನೆ.