ಸಂಜೆ ಐದರಿಂದ ಎಂಟು

ಚೆನ್ನೈಗೆ ಬಂದು ಹದಿನೇಳು ವರ್ಷ ಆಯಿತು. ಮನೆ ಪೆರಂಬೂರಿನಲ್ಲಿ. ಅಲ್ಲಿಂದ ಸ್ವಲ್ಪ ದೂರ ಹೋದರೆ ವ್ಯಾಸರ್ಪಾಡಿ. ಬಂದ ಹೊಸದರಲ್ಲಿ ಆಫೀಸಿನವರೆಲ್ಲ ಒಂದೇ ಮಾತು ಹೇಳಿದ್ದರು, "ಕತ್ತಲಾದ ಮೇಲೆ ಆ ಕಡೆ ಹೋಗಬೇಡಿ ಸಾರ್, ರೌಡಿಗಳ ಏರಿಯಾ." ಪೇಪರ್ ತೆರೆದರೂ ಅದೇ, ಸಿನಿಮಾ ನೋಡಿದರೂ ಅದೇ. ನಾನೂ ನಂಬಿಬಿಟ್ಟಿದ್ದೆ.

ಈಗ ವಾರದಲ್ಲಿ ಮೂರು ದಿನ ನನ್ನ ಸಂಜೆ ಕಳೆಯುವುದು ಆ ಕಡೆಯದೇ ಒಂದು ಮೈದಾನದಲ್ಲಿ. ಮಗನಿಗೆ ಫುಟ್‌ಬಾಲ್ ಹುಚ್ಚು. ಎಲ್ಲಿ ಚೆನ್ನಾಗಿ ಕಲಿಸುತ್ತಾರೆ ಅಂತ ಕೇಳಿದರೆ ಎಲ್ಲರೂ ಕೈ ತೋರಿಸಿದ್ದು ಇಲ್ಲಿಗೇ. ಭಾರತ ತಂಡಕ್ಕೆ ಆಡಿದ ಧನಪಾಲ್ ಗಣೇಶ್ ಈ ಬೀದಿಗಳವರು. 2023ರ ಡ್ಯುರಾಂಡ್ ಕಪ್‌ನಲ್ಲಿ ಮೋಹನ್ ಬಗಾನ್ ವಿರುದ್ಧ ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ಗೆ ಗೆಲುವಿನ ಗೋಲು ಹೊಡೆದ ನಂದಕುಮಾರ್ ಕೂಡ ಚೆನ್ನೈನವರೇ.

ಮೈದಾನದಲ್ಲಿ ಹುಲ್ಲು ಅನ್ನೋದೇ ಇಲ್ಲ. ಮಳೆ ಬಂದರೆ ಕೆಸರು, ಇಲ್ಲದಿದ್ದರೆ ಧೂಳು. ಸಂಜೆ ಐದಕ್ಕೆ ಕೋಚ್ ಬರುತ್ತಾರೆ. ಬಂದವರೇ ಮೊದಲು ಮಾಡುವ ಕೆಲಸ, ಒಂದು ನೂರು ಪುಟದ ನೋಟ್‌ಬುಕ್ ತೆಗೆದು ಹಾಜರಿ ಹಾಕುವುದು. ಬಾಲ್ ಹೊರಗೆ ಬರುವುದು ಆಮೇಲೆ. ಯಾರಾದರೂ ಎರಡು ದಿನ ಬಂದಿಲ್ಲ ಅಂದರೆ ಆ ಹೆಸರಿನ ಮುಂದೆ ಒಂದು ಗುಂಡು ಸುತ್ತುತ್ತಾರೆ. ಎಂಟಕ್ಕೆ ಆಟ ಮುಗಿದ ಮೇಲೆ ಸೈಕಲ್ ಹತ್ತಿ ಸೀದಾ ಆ ಹುಡುಗನ ಮನೆಗೆ.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಹುಡುಗನಿಗೆ ಹದಿನಾಲ್ಕು ಇರಬಹುದು. ಮನೆಯಲ್ಲಿರಲಿಲ್ಲ. ಬೀದಿ ಕೊನೆಯಲ್ಲಿ ನಿಂತಿದ್ದ ಒಂದು ಗಾಡಿಯ ಹಿಂದೆ, ವಯಸ್ಸಿನಲ್ಲಿ ತುಂಬ ದೊಡ್ಡವರಾದ ನಾಲ್ಕು ಜನರ ಜೊತೆ ಕೂತಿದ್ದ. ಕೋಚ್ ಅವರನ್ನು ಬೈಯಲಿಲ್ಲ, ಹುಡುಗನನ್ನೂ ಬೈಯಲಿಲ್ಲ. "ನಾಳೆ ಮ್ಯಾಚ್ ಇದೆ, ಲೆಫ್ಟ್ ಬ್ಯಾಕ್ ಯಾರೂ ಇಲ್ಲ" ಅಂದರು ಅಷ್ಟೇ. ಮಾರನೇ ದಿನ ಅವನು ಬಂದ. ಎಲ್ಲ ಸಲವೂ ಹೀಗೆ ಬರುತ್ತಾರೆ ಅಂತಲ್ಲ. ಆ ನೋಟ್‌ಬುಕ್ಕಿನಲ್ಲಿ ಗುಂಡು ಸುತ್ತಿ, ಆಮೇಲೆ ಹೆಸರೇ ಹೊಡೆದುಹಾಕಿದ ಸಾಲುಗಳೂ ಇವೆ. ಅವನ್ನು ನೋಡಿದಾಗ ಹೊಟ್ಟೆಯಲ್ಲಿ ಏನೋ ಸಂಕಟ ಆಗುತ್ತದೆ.

ನಾನು ಮೈಸೂರಿನವನು. ಗರಡಿ ಮನೆಯ ಬೀದಿಯಲ್ಲಿ ಬೆಳೆದವನು. ಸೋದರಮಾವ ಬೆಳಗ್ಗೆ ಐದಕ್ಕೆ ಎಬ್ಬಿಸಿ ಸಾಮು ಮಾಡಿಸಲು ಕರೆದುಕೊಂಡು ಹೋಗುತ್ತಿದ್ದರು. ಆಂಜನೇಯನ ಪಟಕ್ಕೆ ಕೈ ಮುಗಿದು, ಮಟ್ಟಿಯ ಮಣ್ಣು ಹಣೆಗೆ ಹಚ್ಚಿಕೊಂಡು ಇಳಿಯಬೇಕು. ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆಹಣ್ಣು ಹಾಕಿ ಹದ ಮಾಡಿದ ಆ ಕೆಂಪು ಮಣ್ಣಿನ ವಾಸನೆ ಈಗಲೂ ಮೂಗಿನಲ್ಲಿದೆ. ನಮ್ಮ ಉಸ್ತಾದರ ಕೈಯಲ್ಲಿ ನೋಟ್‌ಬುಕ್ ಇರಲಿಲ್ಲ. ಆದರೆ ಯಾರ ಮನೆಯ ಹುಡುಗ ಯಾವ ಮೂಲೆಯಲ್ಲಿ ಬೀಡಿ ಸೇದಿದ ಅನ್ನೋದು ಅವರಿಗೆ ಸಂಜೆಯೊಳಗೆ ಗೊತ್ತಾಗುತ್ತಿತ್ತು. ಶಿಕ್ಷೆ ಅಂದರೆ ನೂರು ಬಸ್ಕಿ. ಕೊನೆಗೆ ಒಂದು ಲೋಟ ಬಾದಾಮಿ ಹಾಲು, ಅದೂ ಅವರ ಖರ್ಚಿನಲ್ಲೇ.

ಹಾಗಂತ ಗರಡಿಗೆ ಹೋದವರೆಲ್ಲ ದೇವರಂಥವರಾದರು ಅಂತ ನಾನು ಹೇಳಲ್ಲ. ಮೈ ಬೆಳೆಸಿದ ಹುಡುಗರನ್ನು ಚುನಾವಣೆ ಬಂದಾಗ ಹುಡುಕಿಕೊಂಡು ಬರುವವರಿದ್ದರು. ಲಂಡನ್ನಿನ ಕುಖ್ಯಾತ ರೌಡಿಗಳಾದ ಕ್ರೇ ಸಹೋದರರು ಮೊದಲು ಬಾಕ್ಸರ್‌ಗಳೇ. ಹಣಕ್ಕೆ ಬಾಕ್ಸಿಂಗ್ ಆಡಿದವರು. 1969ರಲ್ಲಿ ಕೊಲೆ ಕೇಸಿನಲ್ಲಿ ಜೈಲಿಗೆ ಹೋದರು. ತೋಳಿಗೆ ಬಲ ಬಂದ ಮಾತ್ರಕ್ಕೆ ಹುಡುಗ ಸರಿಹೋಗುತ್ತಾನೆ ಅನ್ನುವ ಮಾತನ್ನು ನಾನು ಯಾವತ್ತೂ ಒಪ್ಪಿಲ್ಲ.

ಅಮೆರಿಕದ ಶಿಕಾಗೋದಲ್ಲಿ 2009-10ರಲ್ಲಿ ಒಂದು ಪ್ರಯೋಗ ನಡೆಯಿತು. ಬಡ ಬಡಾವಣೆಗಳ ಹೈಸ್ಕೂಲು ಹುಡುಗರನ್ನು ಗುಂಪಾಗಿ ಕೂರಿಸಿ ಮಾತಾಡಿಸುವುದು, ಸಿಟ್ಟು ಬಂದಾಗ ಒಂದು ಕ್ಷಣ ನಿಂತು ಯೋಚಿಸುವುದನ್ನು ಕಲಿಸುವುದು. ಸಂಜೆ ಸ್ಕೂಲು ಮುಗಿದ ಮೇಲೆ ಬಾಕ್ಸಿಂಗ್, ಜೂಡೋ, ಬಿಲ್ವಿದ್ಯೆಯಂಥ ಆಟ. ಆ ವರ್ಷ ಹೊಡೆದಾಟ, ಹಲ್ಲೆಯಂಥ ಕೇಸುಗಳಲ್ಲಿ ಈ ಹುಡುಗರು ಅರೆಸ್ಟ್ ಆಗುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಆದರೆ ಕಾರ್ಯಕ್ರಮ ಮುಗಿದ ಮೇಲೆ ಆ ಗುಣ ಉಳಿಯಲಿಲ್ಲ. ಓದಿದಾಗ ನನಗೆ ನೆನಪಾಗಿದ್ದು ನಮ್ಮ ಕೋಚ್ ಸೈಕಲ್ಲು. ಅದು ಪ್ರತಿ ಸಂಜೆ ಓಡಬೇಕು. ಒಂದು ವರ್ಷ ಓಡಿ ನಿಂತರೆ ಸಾಲದು.

ಊರಿಗೆ ಹೋದಾಗಲೆಲ್ಲ ಬೆಂಗಳೂರಿನಲ್ಲಿ ನನ್ನನ್ನು ಕಾಡುವುದು ಇದೇ. ಹಲಸೂರು ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆ! ಎಂಥಾ ಜನ ಅಲ್ವಾ? ವ್ಯಾಸರ್ಪಾಡಿಯ ಹಾಗೇ ಆ ಬಡಾವಣೆಯನ್ನೂ ಮಿನಿ ಬ್ರೆಜಿಲ್ ಅಂತಾರೆ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1948, ಲಂಡನ್, ಫ್ರಾನ್ಸ್ ವಿರುದ್ಧ. ಈಸ್ಟ್ ಬೆಂಗಾಲ್ ಜನ ಇವತ್ತಿಗೂ ನೆನೆಯುವ ಅಹ್ಮದ್ ಖಾನ್ ಕೂಡ ಬೆಂಗಳೂರಿನವರೇ. ಹಾಗಾಗಿ ಹುಡುಗರ ಕಾಲಿನಲ್ಲಿ ಏನೂ ಕೊರತೆ ಇಲ್ಲ.

ಕೊರತೆ ಬೇರೆ ಕಡೆ ಇದೆ. ಈಗ ಬೆಂಗಳೂರಿನಲ್ಲಿ ಆಟ ಅಂದರೆ ಟರ್ಫ್, ಸುತ್ತ ಬಲೆ ಕಟ್ಟಿದ ಕೃತಕ ಹುಲ್ಲಿನ ಬಾಡಿಗೆ ಮೈದಾನ. ಗಂಟೆಗೆ ಇಷ್ಟು ಅಂತ ಫೋನಿನಲ್ಲೇ ದುಡ್ಡು ಕಟ್ಟಿ ಆಡಬೇಕು. ಕಟ್ಟಲಾಗದ ಹುಡುಗ ಬಲೆಯ ಹೊರಗೆ ನಿಂತು ನೋಡುತ್ತಾನೆ. ಸರ್ಕಾರದ ಕ್ರೀಡಾ ಹಾಸ್ಟೆಲ್‌ಗಳಿವೆ, ಒಳ್ಳೆಯ ಕೆಲಸವನ್ನೇ ಮಾಡುತ್ತಿವೆ. ಆದರೆ ಅಲ್ಲಿ ಓಟ, ಜಿಗಿತ ನೋಡಿ ಆರಿಸುತ್ತಾರೆ. ಸ್ಕೂಲು ಬಿಟ್ಟು ಗಾಂಜಾ ಪೊಟ್ಟಣ ಸಾಗಿಸಲು ಶುರು ಮಾಡಿದ ಹುಡುಗ ಆ ಸಾಲಿಗೆ ಬರುವುದೇ ಇಲ್ಲ. ಅವನ ಹೆಸರು ಮೊದಲ ಸಲ ಸರ್ಕಾರದ ಪುಸ್ತಕದಲ್ಲಿ ಬರುವುದು ಸ್ಟೇಷನ್ನಿನಲ್ಲಿ. ಆಮೇಲೆ ರೌಡಿ ಶೀಟ್, ಆಮೇಲೆ ರೌಡಿ ಪರೇಡ್. ಚೆನ್ನೈ ಪೊಲೀಸರೂ ಶೀಟ್ ತೆರೆಯುತ್ತಾರೆ, ಅದರಲ್ಲಿ ಕಡಿಮೆ ಇಲ್ಲ. ಆದರೆ ಅದೇ ಪೊಲೀಸರು ಕೊಳೆಗೇರಿಗಳಲ್ಲಿ ಹುಡುಗ ಹುಡುಗಿಯರ ಕ್ಲಬ್‌ಗಳನ್ನೂ ಇಟ್ಟಿದ್ದಾರೆ. ಅಲ್ಲಿ ಕೇರಂ ಇದೆ, ಸಂಜೆ ಪಾಠ ಇದೆ. ಕೇರಂ ಅಂದರೆ ಉತ್ತರ ಚೆನ್ನೈಗೆ ಸುಮ್ನೆ ಟೈಂಪಾಸ್ ಅಲ್ಲ. ಆಟೋ ಡ್ರೈವರ್ ಮಗಳು ಕಾಜಿಮಾ 2024ರಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್‌ನಲ್ಲಿ ಮೂರು ಚಿನ್ನ ಗೆದ್ದು ಬಂದಳು.

ಇಲ್ಲೂ ಎಲ್ಲ ಸರಿಯಿಲ್ಲ. ನಗರದ ಇನ್ನೊಂದು ತುದಿಯಲ್ಲಿ ಕಣ್ಣಗಿ ನಗರ ಇದೆ. ನದಿ, ಕಾಲುವೆ ದಡದ ಗುಡಿಸಲುಗಳಿಂದ ಎಬ್ಬಿಸಿದವರನ್ನು 2000ದಿಂದೀಚೆಗೆ ತಂದು ಹಾಕಿದ ಜಾಗ. ಹದಿನೈದು ಸಾವಿರಕ್ಕೂ ಜಾಸ್ತಿ ಪುಟ್ಟ ಪುಟ್ಟ ಮನೆಗಳು. ಆ ಹೆಸರು ಕೇಳಿದರೆ ಕೆಲಸ ಕೊಡಲ್ಲ. ನನ್ನ ಹಳೇ ಆಫೀಸಿನಲ್ಲೇ ಇದನ್ನು ಕಣ್ಣಾರೆ ಕಂಡೆ. ಡೆಲಿವರಿ ಕೆಲಸಕ್ಕೆ ಬಂದ ಹುಡುಗನ ಅರ್ಜಿ ನೋಡಿ, ವಿಳಾಸದ ಮೇಲೆ ಬೆರಳಿಟ್ಟು, ಮೇಲಿನವರು ತಲೆ ಅಲ್ಲಾಡಿಸಿದರು. ಅವನಿಗೆ ಲೈಸೆನ್ಸ್ ಇತ್ತು, ಹತ್ತನೇ ಕ್ಲಾಸ್ ಪಾಸಾಗಿತ್ತು. ನಾನು ಅವತ್ತು ಬಾಯಿ ಬಿಡಲಿಲ್ಲ. ಆ ತಪ್ಪು ನನ್ನದೇ.

2025ರ ಅಕ್ಟೋಬರಿನಲ್ಲಿ ಅದೇ ಕಣ್ಣಗಿ ನಗರದ ಕಾರ್ತಿಕಾ ಬಹ್ರೇನ್‌ನಲ್ಲಿ ಏಷ್ಯನ್ ಯೂತ್ ಗೇಮ್ಸ್ ಕಬಡ್ಡಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದಳು. ರಾಜ್ಯ ಸರ್ಕಾರ 25 ಲಕ್ಷ ಕೊಟ್ಟಿತು. ಊರಿಗೆ ಊರೇ ಕುಣಿಯಿತು. ತಮ್ಮ ಬಡಾವಣೆಯ ಹೆಸರನ್ನು ತಲೆಯೆತ್ತಿ ಹೇಳುವ ದಿನ ಬಂತು ಅಂತ ಅಲ್ಲಿನವರು ಟಿವಿಯಲ್ಲಿ ಹೇಳುವಾಗ ನನಗೆ ಆ ಡೆಲಿವರಿ ಹುಡುಗ ನೆನಪಾದ.

ಪದಕ ಎಲ್ಲರಿಗೂ ಬರಲ್ಲ. ಹದಿನೆಂಟು ದಾಟಿದ ಮೇಲೆ ಹುಡುಗನಿಗೆ ಬೇಕಾಗಿರುವುದು ಕೆಲಸ. ವ್ಯಾಸರ್ಪಾಡಿ ಹುಡುಗರ ಕಣ್ಣು ಪೆರಂಬೂರಿನ ರೈಲು ಬೋಗಿ ಕಾರ್ಖಾನೆ ಮೇಲೆ. 1955ರಿಂದ ನಡೆಯುತ್ತಿರುವ ಐಸಿಎಫ್. ಚೆನ್ನಾಗಿ ಆಡಿದರೆ ಕ್ರೀಡಾ ಕೋಟಾದಲ್ಲಿ ಅಲ್ಲಿ ನೌಕರಿ ಸಿಗಬಹುದು. ನಮ್ಮ ಕೋಚ್‌ಗೂ ಸಿಕ್ಕಿದ್ದು ಹಾಗೇ. ಬೆಂಗಳೂರಿನಲ್ಲೂ ಇಂಥ ಏಣಿ ಇತ್ತು. ಎಚ್‌ಎಎಲ್, ಐಟಿಐ, ಬಿಇಎಲ್ ಎಲ್ಲಕ್ಕೂ ಫುಟ್‌ಬಾಲ್ ತಂಡ ಇತ್ತು, ಆಟಗಾರನಿಗೆ ಸಂಬಳ ಇತ್ತು. ಎಚ್‌ಎಎಲ್ 2011-12ರವರೆಗೆ ಆಗಿನ ದೇಶದ ಮೇಲ್ಮಟ್ಟದ ಲೀಗ್ ಆಗಿದ್ದ ಐ-ಲೀಗ್ ಆಡಿತು. ಈಗ ಐಟಿ ಕಂಪನಿಗಳ ಊರಾಯಿತು. ಬಡಾವಣೆಯ ಹುಡುಗನಿಗೆ ಆಟದ ಮೇಲೆ ಕೆಲಸ ಕೊಡುವ ಐಟಿ ಕಂಪನಿ ನನಗಂತೂ ಕಂಡಿಲ್ಲ. ಕೊಡಬೇಕು ಅಂತ ಕೇಳುವವರೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ತಿಂಗಳು ಮಾವನಿಗೆ ಫೋನ್ ಮಾಡಿದ್ದೆ. ನಮ್ಮ ಬೀದಿಯ ಗರಡಿಗೆ ಈಗ ದಸರಾ ಹತ್ತಿರ ಬಂದಾಗ ಮಾತ್ರ ನಾಲ್ಕು ಜನ ಬರುತ್ತಾರಂತೆ. ಉಳಿದ ದಿನ ಬೀಗ. "ಮಣ್ಣು ಕಲ್ಲಾಗಿದೆ ಕಣೋ, ಎಣ್ಣೆಗೆ ದುಡ್ಡು ಕಳಿಸ್ತೀಯಾ?" ಅಂದರು. ಕಳಿಸುತ್ತೇನೆ ಅಂದೆ. ಅದರ ಜೊತೆಗೆ ಇನ್ನೊಂದು ಮಾತು ಕೇಳಿದೆ. ಸಂಜೆ ಐದರಿಂದ ಎಂಟರವರೆಗೆ ಬೀಗ ತೆಗೆದು, ಬಂದ ಹುಡುಗರ ಹೆಸರು ಬರೆದುಕೊಂಡು ಕೂರಲು ಯಾರಾದರೂ ಇದ್ದಾರಾ, ಅವರಿಗೆ ತಿಂಗಳ ಸಂಬಳ ನಾವು ಊರು ಬಿಟ್ಟವರೆಲ್ಲ ಸೇರಿ ಕೊಡೋಣ ಅಂತ. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. ಉಸ್ತಾದರ ಮೊಮ್ಮಗ ಒಬ್ಬ ಇದ್ದಾನೆ, ಆಟೋ ಓಡಿಸುತ್ತಾನೆ, ಕೇಳಿ ನೋಡುತ್ತೇನೆ ಅಂದರು.